ಅಲೆಪ್ಪಿಲಿ ನಾವು ಹೌಸ್‌ಬೋಟ್ ಹತ್ತಲೇ ಇಲ್ಲ

ಕೇರಳದ ಅಲೆಪ್ಪಿಗೆ ಹೋಗಿದ್ವಿ ಅಂದ ತಕ್ಷಣ ಎಲ್ರೂ ಕೇಳೋದು ಹೌಸ್‌ಬೋಟ್ ಹೇಗಿತ್ತು ಅಂತ. ಹತ್ತಿದ್ರೆ ತಾನೇ! ಊರೊಳಗಿನ ಎರಡು ಕಾಲುವೆ ದಂಡೇಲಿ ಸುಮ್ನೆ ಅಡ್ಡಾಡಿದ್ವಿ, ನನ್ನ ಕೇಳಿದ್ರೆ ಅಲ್ಲಿ ನೋಡೋಕಿರೋದೇ ಅದು.

ಒಂದು ವಾಡೈ ಕಾಲುವೆ, ಇನ್ನೊಂದು ಕಮರ್ಷಿಯಲ್ ಕೆನಾಲ್. 18ನೇ ಶತಮಾನದ ಕೊನೆ ಭಾಗದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ್ ಇಲ್ಲಿ ಬಂದರು ಕಟ್ಟಿಸಿ, ವೆಂಬನಾಡ್ ಸರೋವರದಿಂದ ಕಡಲ ಕಡೆಗೆ ಕಾಲುವೆ ತೋಡಿಸಿ, ಕಛ್, ಸೂರತ್, ಬಾಂಬೆ ಕಡೆ ವ್ಯಾಪಾರಿಗಳನ್ನ ಕರೆಸಿ ಕೂರಿಸಿದ್ರು, ಗುಜರಾತಿಗಳ ಬೀದಿ ಈಗ್ಲೂ ಇದೆ. ಘಟ್ಟದಿಂದ ಇಳಿದ ಮೆಣಸು ಏಲಕ್ಕಿ ದೋಣೀಲಿ ಸರೋವರ ದಾಟಿ, ಕಾಲುವೆಗೆ ಬಂದು, ಗೋಡೌನ್ ಸೇರಿ, ಅಲ್ಲಿಂದ ಹಡಗಿಗೆ. ಕಾಲುವೆನೇ ಇಲ್ಲಿ ಮೇನ್ ರೋಡ್ ಆಗಿತ್ತು ಅನ್ನೋದು ತಲೇಲಿದ್ರೆ ಊರಿನ ನಕ್ಷೆ ತಾನಾಗೇ ಅರ್ಥ ಆಗುತ್ತೆ.

ಆಮೇಲೆ ತೆಂಗಿನ ನಾರು. 1859ರಲ್ಲಿ ಜೇಮ್ಸ್ ಡ್ಯಾರಾ ಅನ್ನೋರು ಇಲ್ಲಿ ಕಾಯರ್ ಫ್ಯಾಕ್ಟರಿ ಶುರು ಮಾಡಿದ್ರು. ಕೆಲ್ಸ ಸುಲಭದ್ದಲ್ಲ, ಸಿಪ್ಪೇನ ತಿಂಗಳುಗಟ್ಟಲೆ ಹಿನ್ನೀರಲ್ಲಿ ಮುಳುಗಿಸಿ ಕೊಳೆಹಾಕ್ಬೇಕು, ತೆಗೆದು ಕೋಲಲ್ಲಿ ಬಡೀಬೇಕು, ನಾರು ಬಿಡಿಸಿ ಒಣಗಿಸಿ ಹುರಿ ಹೊಸೀಬೇಕು, ಆ ಕೊಳೆತ ಸಿಪ್ಪೆ ವಾಸನೆ ಒಮ್ಮೆ ಮೂಗಿಗೆ ಹತ್ತಿದ್ರೆ ಬೇಗ ಹೋಗಲ್ಲ. ಸರಕು ಸಾಗಿಸ್ತಿದ್ದ ಕೆಟ್ಟುವಳ್ಳಂ ದೋಣೀಲೂ ಮೊಳೆ ಇರ್ತಿರ್ಲಿಲ್ಲ, ಹಲಗೆಗಳನ್ನ ಇದೇ ತೆಂಗಿನ ಹುರಿಯಿಂದ ಹೊಲೀತಿದ್ರು.

ಬೀಚಲ್ಲಿ 1862ರ ಕಡಲ ಸೇತುವೆ ಕಂಬಗಳು ತುಕ್ಕು ಹಿಡಿದು ನಿಂತಿವೆ, ಎಲ್ರೂ ಸೆಲ್ಫಿ ತಗೋತಾರೆ, ಯಾಕಿದೆ ಅಂತ ಕೇಳೋರು ಕಮ್ಮಿ. ತೀರದ ಹತ್ರ ಆಳ ಇಲ್ಲ, ಹಡಗು ದೂರದಲ್ಲೇ ಲಂಗರು ಹಾಕ್ಬೇಕಿತ್ತು, ಸರಕು ಹತ್ತಿಸಿ ಇಳಿಸೋಕೆ ಅಂತಾನೇ ಈ ಸೇತುವೆ. ಆಳ ಇಲ್ದಿದ್ರೂ ಈ ಬಂದರು ನಡೆದಿದ್ದಕ್ಕೆ ಒಂದು ಮಜವಾದ ಕಾರಣ ಇದೆ: ಇಲ್ಲಿನ ಮಡ್ ಬ್ಯಾಂಕ್, ಅಂದ್ರೆ ಕೆಸರಿನ ದಿಬ್ಬ. ಮಳೆಗಾಲದಲ್ಲಿ ತಳದ ಕೆಸರು ಕಲಕಿ ಅಲೆಯ ಜೋರನ್ನೇ ತಿಂದುಹಾಕುತ್ತೆ, ಸುತ್ತ ಕಡಲು ಕುದೀತಿದ್ರೂ ಅಷ್ಟು ಜಾಗ ಮಾತ್ರ ಶಾಂತ.

ಕೊಚ್ಚಿ ದೊಡ್ಡ ಹಾರ್ಬರ್ ಆದ್ಮೇಲೆ, 1920-30ರ ದಶಕದಿಂದ ವ್ಯಾಪಾರ ಆ ಕಡೆ ಜಾರ್ತಾ ಹೋಯ್ತು. ಏಲಕ್ಕಿ ಮಾರ್ಕೆಟ್ಟಲ್ಲಿ ಮಾತ್ರ ಇವತ್ತಿಗೂ ‘ಅಲೆಪ್ಪಿ ಗ್ರೀನ್’ ಅಂತ ಗ್ರೇಡ್ ಇದೆ. ಬೆಳೆಯೋದು ಇಡುಕ್ಕಿ ಬೆಟ್ಟದಲ್ಲಿ, ಕ್ರೆಡಿಟ್ ಕಡಲ ದಂಡೆಯ ಅಲೆಪ್ಪಿಗೆ!

ನೀವು ಹೋದ್ರೆ ಕಾಲುವೆ ದಂಡೇಲಿರೋ ಜೆಟ್ಟಿಯಿಂದ ಕೊಟ್ಟಾಯಂಗೆ ಹೋಗೋ ಸರ್ಕಾರಿ ಬೋಟ್ ಹತ್ತಿ, ವೆಂಬನಾಡ್ ದಾಟಿಸುತ್ತೆ, ಪ್ಯಾಕೇಜ್ ಗಲಾಟೆ ಇಲ್ಲ, ಪಕ್ಕದಲ್ಲಿ ಆಫೀಸಿಗೆ ಹೊರಟವರು ಕೂತಿರ್ತಾರೆ.