ಮಂಡಪಂ ಕಡಲಲ್ಲಿ ಪಾಚಿ ಕಟ್ಟುವವರು

ರಾಮೇಶ್ವರಕ್ಕೆ ಹೋಗಿದ್ದು ಅಮ್ಮನ ಸಲುವಾಗಿ. ಗುಡಿಯೊಳಗಿನ 22 ತೀರ್ಥಗಳಲ್ಲಿ ಮೀಯಬೇಕು ಅಂತ ಅವಳಿಗೆ ಎಷ್ಟೋ ವರ್ಷಗಳ ಆಸೆ. ಒದ್ದೆ ಸೀರೆಯಲ್ಲೇ ಬಾವಿಯಿಂದ ಬಾವಿಗೆ ನಡೆದು, ಪ್ರತಿ ಕಡೆ ತಲೆ ಮೇಲೆ ಬಕೆಟ್ ನೀರು ಸುರಿಸಿಕೊಂಡು ಸುಸ್ತಾಗಿದ್ದಳು. ಮಾರನೇ ದಿನ ಬೆಳಿಗ್ಗೆ, "ನಾನು ರೂಮಲ್ಲೇ ಇರ್ತೀನಿ, ನೀನು ಹೋಗಿ ನಿನ್ನ ಪಾಚಿ ನೋಡ್ಕೊಂಡು ಬಾ" ಅಂದಳು.

ನನ್ನ ಪಾಚಿ ಅಂದರೆ ಕಡಲಪಾಚಿ. ಅದನ್ನು ಬೆಳೆಯುವುದನ್ನು ಕಣ್ಣಾರೆ ನೋಡಬೇಕು ಅಂತ ಊರಿಂದ ಹೊರಡುವಾಗಲೇ ತೀರ್ಮಾನ ಮಾಡಿದ್ದೆ. ರಾಮೇಶ್ವರದ ದ್ವೀಪವನ್ನು ಒಳನಾಡಿಗೆ ಕೂಡಿಸುವ ಪಾಂಬನ್ ಸೇತುವೆ ದಾಟಿ ಬಸ್ಸು ಆಚೆ ದಡದ ಮಂಡಪಂ ಊರಿನ ಕಡೆ ಬರುವಾಗ ಬಲಕ್ಕೆ ಪಾಕ್ ಕೊಲ್ಲಿ, ಎಡಕ್ಕೆ ಮನ್ನಾರ್ ಕೊಲ್ಲಿ. ಈ ಎರಡು ಪಕ್ಕಗಳನ್ನು ನೆನಪಿಟ್ಟುಕೊಳ್ಳಿ. ಪಾಕ್ ಕೊಲ್ಲಿ ಕಡೆ ಇರುವ ಮುನೈಕ್ಕಾಡು ಅನ್ನುವ ಊರಿಗೆ ನಾನು ಹೋದೆ.

ದಡದಲ್ಲಿ ತೆಂಗಿನಗರಿಯ ಚಪ್ಪರ. ಅದರ ಕೆಳಗೆ ಏಳೆಂಟು ಹೆಂಗಸರು ಮರಳಲ್ಲೇ ಕೂತು, ಕಾಲು ಚಾಚಿ, ಹಗ್ಗಕ್ಕೆ ಪಾಚಿ ಕಟ್ಟುತ್ತಿದ್ದರು. ತಮಿಳಲ್ಲಿ ಅದಕ್ಕೆ ಪಾಸಿ ಅಂತಾರೆ, ನಮ್ಮ ಪಾಚಿಯೇ. ನಮಗೆ ಪಾಚಿ ಅಂದರೆ ಕಾಲು ಜಾರಿಸುವ, ಉಜ್ಜಿ ತೆಗೆಯಬೇಕಾದ ವಸ್ತು ಅಲ್ವಾ? ಇಲ್ಲಿ ಅದೇ ಮಕ್ಕಳ ಸ್ಕೂಲ್ ಫೀಸು. ನನ್ನ ಹರಕುಮುರುಕು ತಮಿಳು ಕೇಳಿ ಒಬ್ಬ ಅಕ್ಕ "ಬಾ ತಂಗಚ್ಚಿ" ಅಂತ ಪಕ್ಕದಲ್ಲಿ ಕೂರಿಸಿಕೊಂಡರು. ಒಂದು ತುಂಡನ್ನು ಕೈಗೆ ಕೊಟ್ಟರು. ಜಿಂಕೆಯ ಕೊಂಬಿನ ಹಾಗೆ ಕವಲು ಕವಲು, ಕಂದು ಕಲೆತ ಹಸಿರು, ಮೇಲೆ ತೆಳ್ಳಗಿನ ಲೋಳೆ. ಮುರಿದರೆ ಎಳೇ ಹುರುಳಿಕಾಯಿ ಮುರಿದಂತೆ ಟಕ್ ಅಂದಿತು.

ಇದರ ಹೆಸರು ಕಪ್ಪಾಫೈಕಸ್. ಈ ಕಡಲಿನದಲ್ಲ, ಇದರ ಮೂಲ ಫಿಲಿಪೀನ್ಸ್ ಕಡೆ. 90ರ ದಶಕದಲ್ಲಿ ವಿಜ್ಞಾನಿಗಳು ಮಂಡಪಂನಲ್ಲಿ ಬೆಳೆಸಿ ನೋಡಿದರು, 2000ದ ಆಸುಪಾಸಿನಲ್ಲಿ ಪೆಪ್ಸಿಕೋ ಕಂಪನಿ ಊರವರ ಜೊತೆ ಒಪ್ಪಂದ ಮಾಡಿಕೊಂಡು ಬೇಸಾಯ ಶುರು ಮಾಡಿತು, ಆಮೇಲೆ ಹೆಂಗಸರ ಸ್ವಸಹಾಯ ಸಂಘಗಳು ಸೇರಿಕೊಂಡವು. ಇದರಿಂದ ತೆಗೆಯುವ ಕ್ಯಾರಗೀನನ್ ಅನ್ನುವ ಅಂಟು ಎಷ್ಟೋ ಬಗೆಯ ಐಸ್‌ಕ್ರೀಮು, ಟೂತ್‌ಪೇಸ್ಟು, ಚಾಕೊಲೇಟ್ ಹಾಲಿನಲ್ಲಿ ಇರುತ್ತದೆ. ನಾವೆಲ್ಲ ದಿನಾ ಬೆಳಿಗ್ಗೆ ಬಾಯಿಗೆ ಹಾಕಿಕೊಳ್ಳುವುದು ಈ ಜಾತಿಯ ಪಾಚಿಯ ಸಾರವನ್ನೇ ಇರಬಹುದು.

ಬೇಸಾಯ ನೋಡಲು ಸುಲಭ, ಮಾಡಲು ಅಲ್ಲ. 12 ಅಡಿ ಉದ್ದ, 12 ಅಡಿ ಅಗಲದ ಬಿದಿರಿನ ತೆಪ್ಪ. ಅದಕ್ಕೆ ಅಡ್ಡಡ್ಡ 20 ಹಗ್ಗ. ಒಂದೊಂದು ಹಗ್ಗದಲ್ಲಿ ಸುಮಾರು 20 ತುಂಡು, ಒಂದೊಂದು ತುಂಡು 150 ಗ್ರಾಂ ಆಸುಪಾಸು. ಅಂದರೆ ಒಂದು ತೆಪ್ಪಕ್ಕೆ 60 ಕಿಲೋ ಬೀಜ. ಪಾಚಿ ಮೇಯುವ ಮೀನುಗಳು ಬಂದು ತಿಂದುಬಿಡುತ್ತವೆ ಅಂತ ತೆಪ್ಪದ ಕೆಳಗೆ ಬಲೆ ಕಟ್ಟುತ್ತಾರೆ. 45 ದಿನಕ್ಕೆ ಅದು 200 ಕಿಲೋ ದಾಟುತ್ತದೆ. ಮತ್ತೆ 60 ಕಿಲೋ ಬೀಜಕ್ಕೆ ಎತ್ತಿಟ್ಟು ಉಳಿದದ್ದನ್ನು ಬಿಸಿಲಿಗೆ ಹಾಕುತ್ತಾರೆ, 10 ಕಿಲೋ ಹಸಿ ಒಣಗಿದರೆ 1 ಕಿಲೋ. ಗೊಬ್ಬರ ಇಲ್ಲ, ಔಷಧಿ ಇಲ್ಲ, ಸಿಹಿನೀರಿನ ಒಂದು ಹನಿ ಬೇಡ. ಎದೆಮಟ್ಟದ ನೀರಲ್ಲಿ ನಿಂತು ಒಂದು ತೆಪ್ಪವನ್ನು ಸ್ವಲ್ಪ ಎತ್ತಿ ತೋರಿಸಿದರು. ಕೊಂಬೆಗಳ ಸಂದಿಯಿಂದ ಉಗುರಿನಷ್ಟು ಏಡಿಗಳು ಉದುರಿದವು. ಕಡ್ಡಿಯಂಥ ಮರಿಮೀನುಗಳು ಚದುರಿ ಮತ್ತೆ ಅದರಡಿಗೇ ಬಂದು ಸೇರಿದವು.

ಆದರೆ ಕಷ್ಟ ಇದೆ. ನೀರು ಬಿಸಿಯಾದರೆ ಕೊಂಬೆ ಬಿಳಿಚಿಕೊಂಡು ಕೊಳೆತು ಉದುರುತ್ತದೆ. 2013ರ ಹೊತ್ತಿಗೆ ಹೀಗೇ ಬೆಳೆ ರಾಶಿ ರಾಶಿ ಸತ್ತು ಎಷ್ಟೋ ಮನೆಯವರು ಕೈಬಿಟ್ಟರಂತೆ. "ಕಡಲು ಮೊದಲಿನ ಹಾಗಿಲ್ಲ" ಅಂದರು ಅಕ್ಕ. ಮಾತಾಡುತ್ತಲೇ ಮರಳಲ್ಲಿ ಬಿದ್ದ ಚೂರುಗಳನ್ನು ಒಂದೂ ಬಿಡದೆ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ಯಾಕೆ ಅಂತ ಕೇಳಿದೆ. "ಒಂದು ಚೂರು ಸಾಕು ಬೆಳೆಯೋಕೆ" ಅಂದರು. ಅವರು ಹೇಳಿದ್ದು ಬೀಜ ದಂಡವಾಗಬಾರದು ಅಂತ. ನನಗೆ ಅದರ ಇನ್ನೊಂದು ಅರ್ಥ ತಿಳಿದದ್ದು ಮಧ್ಯಾಹ್ನ, ಸೇತುವೆಯ ಆಚೆ.

ರಾಮೇಶ್ವರ ಇರುವ ಪಾಂಬನ್ ದ್ವೀಪದ ದಕ್ಷಿಣಕ್ಕೆ, ಮನ್ನಾರ್ ಕೊಲ್ಲಿಯ ಕಡೆ, ಕುಂದುಕಾಲ್ ಇದೆ. 1897ರ ಜನವರಿಯಲ್ಲಿ ವಿವೇಕಾನಂದರು ಕೊಲಂಬೊದಿಂದ ಬಂದು ಇಳಿದ ಜಾಗ. ಅದರ ಎದುರಿಗೇ ಕುರುಸಡೈ ದ್ವೀಪ. ಈ ದ್ವೀಪ ಮನ್ನಾರ್ ಕೊಲ್ಲಿಯ ಕಡಲ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಉದ್ಯಾನ 1986ರಲ್ಲಿ ಘೋಷಿಸಿದ್ದು, ಒಟ್ಟು 21 ದ್ವೀಪಗಳ ಸಾಲು. ಸುತ್ತ ಹವಳದ ದಿಬ್ಬಗಳು. ಹಿಂದೆ ಸುಣ್ಣಕ್ಕಾಗಿ ಹವಳ ಅಗೆದು ಅಗೆದು ಎರಡು ದ್ವೀಪಗಳು ನೀರಲ್ಲೇ ಮುಳುಗಿಹೋಗಿವೆ. ಅದು ಸಾಲದು ಅಂತ 2008ರಲ್ಲಿ ಕುರುಸಡೈ ಹವಳದ ಮೇಲೆ ಇದೇ ಕಪ್ಪಾಫೈಕಸ್ ಕಂಬಳಿ ಹೊದಿಸಿದಂತೆ ಹಬ್ಬಿರುವುದನ್ನು ವಿಜ್ಞಾನಿಗಳು ವರದಿ ಮಾಡಿದರು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ, ಅದು ಬಿಸಿಲಿನಿಂದ ಅನ್ನ ಮಾಡಿ ಹವಳಕ್ಕೆ ಕೊಡುತ್ತದೆ. ಬಿಸಿಲು ತಡೆದರೆ ಹವಳ ಉಪವಾಸ ಬಿದ್ದು ಸಾಯುತ್ತದೆ. ಕೈಯಲ್ಲಿ ಕಿತ್ತು ತೆಗೆದರೂ ಉಳಿದ ಚೂರು ಮತ್ತೆ ಚಿಗುರುತ್ತದೆ.

ಇದೇ ಪಕ್ಕದ ಚಿನ್ನಪಾಲಂ ಊರಿನ ಹೆಂಗಸರದು ಇನ್ನೊಂದು ಬದುಕು. ಅವರು ಬೆಳೆಯುವವರಲ್ಲ, ಮುಳುಗಿ ಆರಿಸುವವರು. ಕಣ್ಣಿಗೆ ಕನ್ನಡಕ, ಬೆರಳಿಗೆ ಬಟ್ಟೆ ಸುತ್ತು, ಕಾಲಿಗೆ ತಗಡಿನ ತಟ್ಟೆ ಕಟ್ಟಿಕೊಂಡು ಉಸಿರು ಹಿಡಿದು ಇಳಿಯುತ್ತಾರೆ. ಜೆಲ್ಲಿ ಮಾಡಲು ಬಳಸುವ ಅಗರ್ ಅನ್ನುವ ಅಂಟಿಗೆ ಬೇಕಾದ ಪಾಚಿಗಳು ಮರಿಕೊಳುಂದು, ಕಂಜಿಪಾಸಿ, ಎಲ್ಲ ಈ ಕಡಲಿನವೇ. ಉದ್ಯಾನ ಬಂದ ಮೇಲೆ ಅಜ್ಜಿಯರ ಕಾಲದ ಕಸುಬಿಗೆ ತಡೆ ಬಿತ್ತು. ಆಗ ಅವರೇ ಸೇರಿ ತಿಂಗಳಿಗೆ 12 ದಿನ ಮಾತ್ರ ಆರಿಸುವುದು, ಲೋಹದ ಸಲಕರಣೆಯಿಂದ ಕೆರೆಯದೆ ಕೈಯಲ್ಲೇ ಕೀಳುವುದು ಅಂತ ಕಟ್ಟುಪಾಡು ಮಾಡಿಕೊಂಡರು. ಅವರ ಮುಂದಾಳು ಲಕ್ಷ್ಮಿಯವರಿಗೆ 2015ರಲ್ಲಿ ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂತು. ಕಡಲು ಉಳಿಸುವ ಬಗ್ಗೆ ದೊಡ್ಡ ದೊಡ್ಡ ಯೋಜನೆ ಬರೆಯುವವರು ಮೊದಲು ಇವರ ಹತ್ತಿರ ಕೂರಬೇಕು ಅಂತ ನನಗೆ ಬಲವಾಗಿ ಅನಿಸಿತು. ಕಪ್ಪಾಫೈಕಸ್ ಜಾಗದಲ್ಲಿ ಈ ಕಂಜಿಪಾಸಿಯನ್ನೇ ತೆಪ್ಪದಲ್ಲಿ ಬೆಳೆದರೆ ಲಾಭ ಕಡಿಮೆ, ನಿಜ. ಆದರೆ ತಪ್ಪಿಸಿಕೊಂಡರೂ ಅದು ಈ ಮನೆಯದೇ ಕೂಸು.

ನಮ್ಮ ಕಾರವಾರದ ಬಂಡೆಗಳ ಮೇಲೂ ಮಳೆ ನಿಂತ ಮೇಲೆ ಕಡಲಪಾಚಿ ತಾನಾಗೇ ಬೆಳೆಯುತ್ತದೆ. ಮುಂಗಾರಿನ ಅಬ್ಬರ, ಕಾಳಿ, ಶರಾವತಿ ತರುವ ಸಿಹಿನೀರು, ಇವುಗಳ ನಡುವೆ ಇಲ್ಲಿಯಂಥ ತೆಪ್ಪ ವರ್ಷಪೂರ್ತಿ ನಿಲ್ಲುವುದು ಕಷ್ಟ. ಮುರುಡೇಶ್ವರದ ಎದುರಿಗಿನ ನೇತ್ರಾಣಿಯಲ್ಲಿ ಹವಳವೂ ಇದೆ. ಅಲ್ಲಿ ಏನನ್ನಾದರೂ ಕಟ್ಟುವ ಮೊದಲು ಯಾರಾದರೂ ಕುರುಸಡೈ ನೋಡಿ ಬಂದರೆ ಒಳ್ಳೆಯದು.

ಸಂಜೆ ಕುಂದುಕಾಲ್ ಕಟ್ಟೆಯ ಮೇಲೆ ನಿಂತಿದ್ದೆ. ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಬ್ಯಾಗಿನಲ್ಲಿ ಬೆಳಿಗ್ಗೆ ಅಕ್ಕ ಕೊಟ್ಟ ತುಂಡು ಇನ್ನೂ ಹಸಿಯಾಗೇ ಇತ್ತು, ವಾಸನೆ ಹೊಡೆಯಲು ಶುರುವಾಗಿತ್ತು. ಸುಮ್ನೆ ನೀರಿಗೆ ಎಸೆಯಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಕರ್ಚೀಫಿನಲ್ಲಿ ಗಂಟು ಕಟ್ಟಿ ರೂಮಿಗೆ ತಂದೆ. ಅಮ್ಮ ಮೂಗು ಮುಚ್ಚಿಕೊಂಡೇ ಅದನ್ನು ಬಿಡಿಸಿ, ಒಂದು ಕಾಗದದ ಮೇಲೆ ಹರಡಿ, ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟಳು.