ಏಜೆಂಟ್ ಹುಡುಕಲಾ, ನಾನೇ ಪ್ರಕಟಿಸಿಬಿಡಲಾ?

ನನ್ನ ಎರಡನೇ ಕಾದಂಬರಿ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. "ಇಂಗ್ಲಿಷಿನಲ್ಲಿ ಕಾದಂಬರಿ ಬರೀತಿದ್ದೀನಿ. ಏಜೆಂಟ್ ಹುಡುಕಬೇಕಾ, ಇಲ್ಲಾ ನಾನೇ ಪ್ರಕಟಿಸಿಬಿಡಲಾ?" ಏಜೆಂಟ್ ಅಂದರೆ ಲೇಖಕರ ಪರವಾಗಿ ಪ್ರಕಾಶಕರನ್ನು ಹುಡುಕಿ, ಒಪ್ಪಂದ ಕುದುರಿಸುವವರು. ನಾನು ತಿರುಗಿ ಕೇಳುವುದು ಒಂದೇ: ಬರೆದು ಮುಗಿಸಿದಿರಾ? ಹೆಚ್ಚಿನವರು ಆಗ ಮಾತು ಬದಲಿಸುತ್ತಾರೆ. ಹೊಸಬರ ಅರ್ಧ ಕಾದಂಬರಿಯನ್ನು ಯಾವ ಏಜೆಂಟೂ ನೋಡುವುದಿಲ್ಲ. ಅರ್ಧವನ್ನು ನೀವೇ ಪ್ರಕಟಿಸಲೂ ಆಗುವುದಿಲ್ಲ.

ಮುಗಿಸಿದವರಿಗೆ ನನ್ನ ಉತ್ತರ ಚಿಕ್ಕದು. ಮೊದಲು ಏಜೆಂಟ್, ಆಗದಿದ್ದರೆ ಸ್ವಂತ ಪ್ರಕಟಣೆ. ಏಜೆಂಟ್ ದೊಡ್ಡವರು, ಸ್ವಂತ ಪ್ರಕಟಣೆ ಕೀಳು ಅಂತಲ್ಲ. ಈ ಎರಡು ಬಾಗಿಲುಗಳಲ್ಲಿ ಒಂದು ಮಾತ್ರ ಎಷ್ಟು ಹೊತ್ತಾದರೂ ತೆರೆದೇ ಇರುತ್ತದೆ, ಅದಕ್ಕೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಮೊದಲ ಕಾದಂಬರಿಯನ್ನು ಒಂದೇ ದಿನ 31 ಏಜೆಂಟರಿಗೆ ಕಳಿಸಿದ್ದೆ. ಪೂರ್ತಿ ಹಸ್ತಪ್ರತಿ ಕೇಳಿದ್ದು ಒಬ್ಬರೇ. ನಾಲ್ಕು ತಿಂಗಳಾದ ಮೇಲೆ ಅವರಿಂದ ಎರಡು ಸಾಲಿನ ಉತ್ತರ ಬಂತು: "ಕಥೆ ಶುರುವಾಗುವುದು ಮೂರನೇ ಅಧ್ಯಾಯದಲ್ಲಿ, ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ." ಅವರು ಹೇಳಿದ್ದು ಸರಿ ಇತ್ತು. ಮೊದಲ ಎರಡು ಅಧ್ಯಾಯ ಕಿತ್ತು ಹಾಕಿದೆ, ಪುಸ್ತಕ ಎದ್ದು ಕೂತಿತು. ಆದರೆ ಅದನ್ನು ಕಳಿಸಲು ಯಾರೂ ಉಳಿದಿರಲಿಲ್ಲ. ಒಮ್ಮೆ ಬೇಡ ಎಂದವರು ಅದೇ ಪುಸ್ತಕವನ್ನು ಮತ್ತೆ ನೋಡುವುದು ಅಪರೂಪ. ಆ ಸಿಟ್ಟಿನಲ್ಲಿ ನಾನೇ ಪ್ರಕಟಿಸಿದೆ. ಕೊಂಡವರಲ್ಲಿ ಮುಕ್ಕಾಲು ಪಾಲು ನನ್ನ ಮುಖ ನೋಡಿ ಕೊಂಡವರು.

ಎರಡನೇ ಕಾದಂಬರಿಗೆ ಏಜೆಂಟ್ ಸಿಕ್ಕಿದಾಗ, ಫೋನಿನಲ್ಲಿ ಅವರು ಕೇಳಿದ ಮೂರನೇ ಪ್ರಶ್ನೆ: "ಮೊದಲನೆಯದು ಎಷ್ಟು ಪ್ರತಿ ಹೋಯಿತು?" ನಿಜ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

ತಿರಸ್ಕೃತವಾದ ಹಸ್ತಪ್ರತಿಗೆ ಯಾವ ಕಲೆಯೂ ಅಂಟುವುದಿಲ್ಲ. ಐವತ್ತು ಜನ ಬೇಡ ಎಂದದ್ದು ಓದುಗರಿಗೆ ಗೊತ್ತೇ ಆಗುವುದಿಲ್ಲ, ನಾಳೆ ನೀವೇ ಪ್ರಕಟಿಸಬಹುದು. ಪ್ರಕಟವಾದ ಪುಸ್ತಕಕ್ಕೆ ಮಾತ್ರ ಮಾರಾಟದ ಲೆಕ್ಕ ಅಂಟಿಕೊಳ್ಳುತ್ತದೆ. ಅದನ್ನೇ ಹಿಡಿದು ಏಜೆಂಟರ ಹತ್ತಿರ ಹೋದರೆ, ಮಾರಾಟ ಭರ್ಜರಿ ಇಲ್ಲದಿದ್ದರೆ ಅವರು ಮುಟ್ಟುವುದಿಲ್ಲ.

ಏಜೆಂಟ್ ಮಾಡುವುದಾದರೂ ಏನು? ಇದು ಹೊಸ ಕಸುಬಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಲಂಡನ್ನಿನಲ್ಲಿ ಎ. ಪಿ. ವಾಟ್ ಎಂಬವರು ಲೇಖಕರ ಪರವಾಗಿ ಪ್ರಕಾಶಕರ ಜೊತೆ ಚೌಕಾಸಿ ಮಾಡಿ, 10% ಕಮಿಷನ್ ತೆಗೆದುಕೊಳ್ಳುತ್ತಿದ್ದರು. ಈಗ ಅದು ಸಾಮಾನ್ಯವಾಗಿ 15%, ಹೊರದೇಶದ ಹಕ್ಕುಗಳಿಗೆ 20%. ಈ ಹಣ ಹೋಗುವುದು ನಿಮಗೆ ಬರುವುದರಲ್ಲೇ. ಓದುವುದಕ್ಕೆ ಫೀಸು, ನೋಂದಣಿಗೆ ಫೀಸು ಅಂತ ಮೊದಲೇ ಕೈಚಾಚುವವರು ಏಜೆಂಟರೇ ಅಲ್ಲ, ಅವರ ಹೆಸರು ಹೊಡೆದು ಹಾಕಿ.

ಜನ ಅಂದುಕೊಳ್ಳುವುದು ಏಜೆಂಟ್ ಅಂದರೆ ಪ್ರಕಾಶಕರ ಬಾಗಿಲು ತಟ್ಟುವವರು ಅಂತ. ಅದು ನಿಜ. ದೊಡ್ಡ ಇಂಗ್ಲಿಷ್ ಪ್ರಕಾಶಕರಲ್ಲಿ ಹೆಚ್ಚಿನವರು ನೇರವಾಗಿ ಬಂದ ಹಸ್ತಪ್ರತಿ ನೋಡುವುದೇ ಇಲ್ಲ. ಆದರೆ ನನಗೆ ಅವರ ಬೆಲೆ ಗೊತ್ತಾದದ್ದು ಒಪ್ಪಂದದ ಕಾಗದ ಬಂದ ದಿನ. ಒಂದು ಕಾದಂಬರಿ ಅಂದರೆ ಒಂದು ಸರಕಲ್ಲ, ಹಕ್ಕುಗಳ ಗಂಟು. ಅಚ್ಚಿನ ಹಕ್ಕು, ಇ-ಪುಸ್ತಕದ ಹಕ್ಕು, ಆಡಿಯೋ, ಅನುವಾದ, ಸಿನಿಮಾ, ಎಲ್ಲ ಬೇರೆ ಬೇರೆ. ಪ್ರಕಾಶಕರ ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಇಡೀ ಗಂಟೇ ಅವರ ಕಡೆ ಇರುತ್ತದೆ. ಏಜೆಂಟ್ ಕೂತು ಒಂದೊಂದೇ ಬಿಚ್ಚಿ ವಾಪಸ್ ತೆಗೆಯುತ್ತಾರೆ. ಪುಸ್ತಕ ಮಾರಾಟ ನಿಂತರೆ ಹಕ್ಕು ಯಾವಾಗ ಲೇಖಕರಿಗೆ ಮರಳುತ್ತದೆ ಎಂಬ ಒಂದು ಸಾಲಿನ ಮೇಲೆ ನನ್ನ ಏಜೆಂಟ್ ಎರಡು ವಾರ ಜಗಳ ಆಡಿದರು. ನಾನಾಗಿದ್ದರೆ ಆ ಸಾಲು ಕಣ್ಣಿಗೂ ಬೀಳದೆ ಸಹಿ ಹಾಕಿಬಿಡುತ್ತಿದ್ದೆ.

ಗಂಟು ಬಿಚ್ಚಬಹುದು ಅನ್ನುವುದಕ್ಕೆ ಅಮೆರಿಕದ ಲೇಖಕ ಹ್ಯೂ ಹೋವಿ ಒಳ್ಳೆಯ ಉದಾಹರಣೆ. 2011ರಲ್ಲಿ ಅವರು 'ವೂಲ್' ಕಥೆಯನ್ನು ತಾವೇ ಪ್ರಕಟಿಸಿದರು, ಇ-ಪುಸ್ತಕ ಚೆನ್ನಾಗಿ ಓಡಿತು. ಆಮೇಲೆ ಸೈಮನ್ ಅಂಡ್ ಶುಸ್ಟರ್ ಎಂಬ ದೊಡ್ಡ ಪ್ರಕಾಶಕರಿಗೆ ಅಚ್ಚಿನ ಹಕ್ಕು ಮಾತ್ರ ಕೊಟ್ಟು, ಇ-ಪುಸ್ತಕವನ್ನು ತಮ್ಮಲ್ಲೇ ಇಟ್ಟುಕೊಂಡರು. ಅವರ ಪರವಾಗಿ ಮಾತಾಡಲು ಆಗ ಒಬ್ಬ ಏಜೆಂಟ್ ಇದ್ದರು ಅನ್ನುವುದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ!

ಈಗ ಸ್ವಂತ ಪ್ರಕಟಣೆ. ಅದರ ಪರ ಮಾತಾಡುವವರು ಮೊದಲು ಹೇಳುವುದು ಶೇಕಡಾವಾರು ಲೆಕ್ಕ. ಅಮೆಜಾನ್ ಕಿಂಡಲ್‌ನಲ್ಲಿ ಇ-ಪುಸ್ತಕಕ್ಕೆ 2.99ರಿಂದ 9.99 ಡಾಲರ್ ಬೆಲೆ ಇಟ್ಟರೆ ಹೆಚ್ಚಿನ ದೊಡ್ಡ ಮಾರುಕಟ್ಟೆಗಳಲ್ಲಿ ಲೇಖಕರಿಗೆ 70% ಸಿಗುತ್ತದೆ, ಅದರಾಚೆ 35%. ಪ್ರಕಾಶಕರು ಇ-ಪುಸ್ತಕಕ್ಕೆ ಕೊಡುವುದು ಸಾಮಾನ್ಯವಾಗಿ ಅವರ ಕೈಗೆ ಬಂದ ಹಣದ 25%. ಹೋಲಿಸಿದರೆ ಯಾವುದು ಲಾಭ ಅಂತ ಮಗುವೂ ಹೇಳುತ್ತದೆ. ಆದರೆ 70% ಯಾವುದರಲ್ಲಿ? ನನ್ನ ಮೊದಲ ಪುಸ್ತಕದ ವಿಷಯದಲ್ಲಿ, ಬಹುತೇಕ ಸೊನ್ನೆಯಲ್ಲಿ. ಪ್ರಕಾಶಕರು ಮುಂಗಡ ಕೊಡುತ್ತಾರೆ, ಪುಸ್ತಕ ಓಡದಿದ್ದರೂ ಅದನ್ನು ವಾಪಸ್ ಕೇಳುವುದಿಲ್ಲ. ಸ್ವಂತ ಪ್ರಕಟಣೆಯಲ್ಲಿ ಮುಂಗಡ ಕೊಡುವವರು ನೀವೇ: ಎಡಿಟರಿಗೆ, ಮುಖಪುಟ ಮಾಡುವವರಿಗೆ, ಪ್ರೂಫ್ ನೋಡುವವರಿಗೆ, ಜಾಹೀರಾತಿಗೆ.

ಫೈಲ್ ಅಪ್‌ಲೋಡ್ ಮಾಡುವುದು ಒಂದು ಸಂಜೆಯ ಕೆಲಸ. ಅದಕ್ಕೇ ಎಲ್ಲರೂ ಮೋಸ ಹೋಗುವುದು. ಎಡಿಟಿಂಗ್‌ನಲ್ಲಿ ನಾನು ಹಣ ಉಳಿಸಿದೆ. ಹತ್ತು ಸಲ ಓದಿದ ಮೇಲೂ ನಾಯಕಿಯ ತಂಗಿಯ ಹೆಸರು 40ನೇ ಪುಟದಲ್ಲಿ ಒಂದು, 212ನೇ ಪುಟದಲ್ಲಿ ಇನ್ನೊಂದು. ನಮ್ಮದೇ ಬರಹ ನಮಗೆ ಕಾಣುವುದಿಲ್ಲ, ಅಲ್ವಾ?

ಹಾಗಂತ ಎಲ್ಲರಿಗೂ ಏಜೆಂಟ್ ಮೊದಲು ಅನ್ನಲಾರೆ. ಪ್ರೇಮಕಥೆ, ಪತ್ತೇದಾರಿ, ಫ್ಯಾಂಟಸಿ ಸರಣಿಗಳನ್ನು ವರ್ಷಕ್ಕೆ ಮೂರು ನಾಲ್ಕರಂತೆ ಬರೆಯುವವರಿದ್ದಾರೆ. ಪ್ರಕಾಶಕರ ವೇಗ ಅವರಿಗೆ ಸಾಕಾಗುವುದಿಲ್ಲ. ಒಪ್ಪಂದವಾಗಿ ಪುಸ್ತಕ ಅಂಗಡಿಗೆ ಬರಲು ಒಂದೆರಡು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಅವರ ಸರಣಿಯೇ ಮುಗಿದಿರುತ್ತದೆ. ಬೆಲೆ ಇಳಿಸಿ ನೋಡುವುದು, ಜಾಹೀರಾತಿನ ಲೆಕ್ಕ ಹಾಕುವುದು, ಮುಖಪುಟ ಬದಲಿಸಿ ನೋಡುವುದು ಇವೆಲ್ಲ ಖುಷಿ ಕೊಡುತ್ತದೆ ಅನ್ನುವವರು ಸೀದಾ ಸ್ವಂತ ಪ್ರಕಟಣೆಗೆ ಹೋಗಲಿ. ನನಗೆ ಅದು ಹಲ್ಲು ಕೀಳಿಸಿಕೊಂಡಷ್ಟು ಖುಷಿ.

ಈ ಎರಡರ ನಡುವೆ ಮೂರನೆಯವರು ಒಬ್ಬರು ನಿಂತಿರುತ್ತಾರೆ. "ನಿಮ್ಮ ಹಸ್ತಪ್ರತಿ ಅದ್ಭುತ, ಅರ್ಧ ಖರ್ಚು ನೀವು ಹಾಕಿ, ಅರ್ಧ ನಾವು ಹಾಕುತ್ತೇವೆ" ಅನ್ನುವವರು. ಎಲ್ಲ ಕಡೆ ಬೇಡ ಅನ್ನಿಸಿಕೊಂಡು ಸೋತ ವಾರದಲ್ಲೇ ಅವರ ಪತ್ರ ಬರುತ್ತದೆ. ಬಹಳ ಸಲ ಅವರ ಅರ್ಧವೂ ನಿಮ್ಮ ಅರ್ಧದೊಳಗೇ ಇರುತ್ತದೆ. ಓದುಗರು ಕೊಂಡರೆಷ್ಟು, ಬಿಟ್ಟರೆಷ್ಟು, ಅವರ ಲಾಭ ನಿಮ್ಮಿಂದ ಆಗಲೇ ಬಂದಾಯಿತು. 'ರೈಟರ್ ಬಿವೇರ್' ಎಂಬ ತಾಣ ಇಂಥವರ ಮೇಲೆ ವರ್ಷಗಳಿಂದ ಕಣ್ಣಿಟ್ಟಿದೆ. ಸಹಿ ಹಾಕುವ ಮೊದಲು ಅಲ್ಲಿ ಹೆಸರು ಹುಡುಕಿ ನೋಡಿ.

ಏಜೆಂಟರಿಗೆ ಬರೆಯುವ ಬಗ್ಗೆ ಎರಡು ಮಾತು. ಪತ್ರ ಒಂದು ಪುಟ ಸಾಕು, 300 ಪದದ ಆಸುಪಾಸು. ಕಥಾಸಾರದಲ್ಲಿ ಕೊನೆಯನ್ನು ಮುಚ್ಚಿಡಬೇಡಿ. "ಮುಂದೇನಾಯಿತು, ಪುಸ್ತಕ ಓದಿ" ಅಂತ ಬರೆಯುವವರು ಬಹಳ, ಅದು ಪುಸ್ತಕದ ಬೆನ್ನಿಗೆ ಸರಿ, ಏಜೆಂಟರಿಗಲ್ಲ. ಹೊಸಬರ ಕಾದಂಬರಿ 80,000ದಿಂದ 1,00,000 ಪದದೊಳಗಿದ್ದರೆ ಒಳ್ಳೆಯದು. ಎರಡು ಲಕ್ಷ ಅಂತ ಕಂಡರೆ ಮುಂದೆ ಓದದವರೂ ಇದ್ದಾರೆ.

ಎಷ್ಟು ದಿನ ಕಾಯಬೇಕು ಅಂತ ಆಮೇಲೆ ಕೇಳುತ್ತಾರೆ. ನಾನು ಒಂದು ವರ್ಷ ಅನ್ನುತ್ತೇನೆ. ಅಷ್ಟರೊಳಗೆ ನಿಮ್ಮ ಬಗೆಯ ಕಾದಂಬರಿ ತೆಗೆದುಕೊಳ್ಳುವ ಐವತ್ತು ಅರವತ್ತು ಏಜೆಂಟರನ್ನು ಮುಟ್ಟಬಹುದು, ಮುಂದಿನ ಪುಸ್ತಕ ಶುರು ಮಾಡಲೂಬಹುದು. ಆದರೆ ಒಂದೇ ದಿನ 31 ಬೇಡ. ಮೊದಲ ಕಂತಿನಲ್ಲಿ ಎಂಟೇ ಪತ್ರ ಹೋಗಲಿ. ನಿಮಗೆ ಬೇಕೇ ಬೇಕು ಅನ್ನಿಸುವ ಏಜೆಂಟ್ ಆ ಎಂಟರಲ್ಲಿ ಇರಬಾರದು. ಅವರನ್ನು ಎರಡನೇ ಕಂತಿಗೆ, ಮೊದಲ ಅಧ್ಯಾಯ ಇನ್ನೊಮ್ಮೆ ತಿದ್ದಿದ ಮೇಲೆ ಅಂತ ಇಟ್ಟುಕೊಳ್ಳಿ.