"ಒಳ್ಳೆ ಇವಿ ಚಾನೆಲ್ ಒಂದು ಹೇಳಿ ಸರ್" ಅನ್ನುವವರಿಗೆ ನನ್ನ ಉತ್ತರ

"ಸರ್, ಎಲೆಕ್ಟ್ರಿಕ್ ಕಾರ್ ತಗೋಬೇಕು ಅಂತಿದೀವಿ. ಯೂಟ್ಯೂಬಲ್ಲಿ ಯಾರನ್ನ ನಂಬಬಹುದು? ಒಂದೇ ಒಂದು ಚಾನೆಲ್ ಹೇಳಿ, ಸಾಕು."

ಬಾಯಲ್ಲಿ ಹೇಳಿ ಹೇಳಿ ದಣಿದಿದ್ದೇನೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಹೆಸರು ಹೇಳುವುದಿಲ್ಲ. ಆ "ಒಂದೇ ಒಂದು, ಸಾಕು" ಅನ್ನುವ ಮಾತೇ ನನಗೆ ಸಿಟ್ಟು ತರಿಸುತ್ತದೆ. ಒಂದು ಸೀರೆ ಆರಿಸಲು ನಾಲ್ಕು ಅಂಗಡಿ ಹತ್ತಿ ಇಳಿಯುವವರು, ಹದಿನೈದು ಲಕ್ಷದ ಕಾರಿಗೆ ಒಬ್ಬನ ಬಾಯಿಮಾತು ಸಾಕು ಅನ್ನುತ್ತೀರಿ. ಅದೇ ಚಾನೆಲ್‌ನಲ್ಲಿ ಈ ವಾರದ ವಿಡಿಯೊ ಶುದ್ಧವಾಗಿ ಅಳತೆ ಮಾಡಿ ತೋರಿಸಿರುತ್ತದೆ. ಮುಂದಿನ ವಾರದ್ದು ಕಂಪನಿಯವರು ಕರೆದುಕೊಂಡು ಹೋದ ರೆಸಾರ್ಟ್ ರಸ್ತೆಯಲ್ಲಿ ಅರ್ಧ ದಿನ ಓಡಿಸಿದ್ದಾಗಿರುತ್ತದೆ. ಒಂದೊಂದು ವಿಡಿಯೊವನ್ನೂ ಬಿಡಿಬಿಡಿಯಾಗಿಯೇ ತೂಗಬೇಕು.

ತೂಗುವುದು ಕಷ್ಟವಲ್ಲ. ಹೊರಟಾಗ ಬ್ಯಾಟರಿ ಎಷ್ಟು ಶೇಕಡಾ ಇತ್ತು, ನಿಂತಾಗ ಎಷ್ಟಿತ್ತು, ಎಷ್ಟು ಕಿಲೋಮೀಟರ್ ಆಯಿತು, ಯಾವ ವೇಗದಲ್ಲಿ, ಎಸಿ ಹಾಕಿತ್ತೇ, ಕಾರಿನಲ್ಲಿ ಎಷ್ಟು ಜನ? ಇಷ್ಟನ್ನೂ ಹೇಳದೆ "ಆರಾಮಾಗಿ ಮುನ್ನೂರು ಕೊಡುತ್ತೆ" ಅಂದರೆ ಆ ವಿಡಿಯೊ ಮುಚ್ಚಿಬಿಡಿ. ಹೇಳಿದ್ದರೆ ಕಾಗದ ತೆಗೆದುಕೊಳ್ಳಿ. 45 ಕಿಲೋವ್ಯಾಟ್-ಅವರ್ ಬ್ಯಾಟರಿ ಅಂದರೆ 45 ಯೂನಿಟ್, ನಿಮ್ಮ ಕರೆಂಟ್ ಬಿಲ್ಲಿನಲ್ಲಿರುವ ಅದೇ ಯೂನಿಟ್. ನೂರರಿಂದ 30ಕ್ಕೆ ಇಳಿದಿದೆ ಅಂದರೆ 31.5 ಯೂನಿಟ್ ಖರ್ಚು. 190 ಕಿ.ಮೀ. ಓಡಿದ್ದರೆ ಯೂನಿಟ್‌ಗೆ 6 ಕಿ.ಮೀ. ಬಿತ್ತು. ಈ ಒಂದು ಸಂಖ್ಯೆ ಸಿಕ್ಕರೆ ಯಾವ ಕಾರನ್ನು ಯಾವುದರ ಜೊತೆ ಬೇಕಾದರೂ ಹೋಲಿಸಬಹುದು.

ಪರೀಕ್ಷೆ ನೂರರಿಂದ ಶುರುವಾಗಿದ್ದರೆ ಒಳ್ಳೆಯದು. ಈಗ ನಮ್ಮಲ್ಲಿ ಬರುವ ಬಹಳಷ್ಟು ಕಾರುಗಳಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿ. ಅದರ ವೋಲ್ಟೇಜ್ 80ರಲ್ಲೂ 30ರಲ್ಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸಿ ಕಾರು ಶೇಕಡಾ ಹೇಳುತ್ತದೆ. ದಿನ ಕಳೆದಂತೆ ಆ ಎಣಿಕೆ ತಪ್ಪುತ್ತದೆ, ಪೂರ್ತಿ ತುಂಬಿಸಿದಾಗ ಸರಿಹೋಗುತ್ತದೆ. 60ರಿಂದ 40ಕ್ಕೆ ಇಳಿಸಿ, ಅಷ್ಟರಲ್ಲಿ ಓಡಿದ ದೂರವನ್ನು ಐದರಿಂದ ಗುಣಿಸುವವರ ಲೆಕ್ಕ ಇದೇ ಕಾರಣಕ್ಕೆ ಕೈಕೊಡುತ್ತದೆ.

ಕಂಪನಿ ಹೇಳುವ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಬೇರೆಯೇ ಕಥೆ. ಅದು ಎಂಐಡಿಸಿ ಎಂಬ ಪರೀಕ್ಷೆಯದ್ದು. ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಓಡಿಸುತ್ತಾರೆ, ವೇಗ 90 ದಾಟುವುದಿಲ್ಲ, ಎಸಿ ಇರುವುದಿಲ್ಲ. ನೆಕ್ಸಾನ್ ಇವಿಯ 45 ಯೂನಿಟ್ ಮಾದರಿಗೆ ಆ ಲೆಕ್ಕದಲ್ಲಿ 489 ಕಿ.ಮೀ., ಅಂದರೆ ಯೂನಿಟ್‌ಗೆ ಸುಮಾರು 11. ಟಾಟಾದವರೇ ಅದರ ಪಕ್ಕದಲ್ಲಿ ಸಿ75 ಎಂದು ಇನ್ನೊಂದು ಸಂಖ್ಯೆ ಕೊಡುತ್ತಾರೆ: ನೂರಕ್ಕೆ 75 ಗ್ರಾಹಕರಿಗೆ ಸಿಗಬಹುದಾದ ದೂರ, 350ರಿಂದ 370. ಆ ಎರಡನೆಯದನ್ನು ಓದಿ. ಹೆದ್ದಾರಿಗೆ ಅದರಲ್ಲೂ ಸ್ವಲ್ಪ ಕಳೆಯಿರಿ, ಯಾಕೆಂದರೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ಗಾಳಿ ಒಂದೂವರೆ ಪಟ್ಟಿಗಿಂತ ಜಾಸ್ತಿ ತಡೆಯುತ್ತದೆ. 80ರಲ್ಲಿ ಓಡಿಸಿದವರ ವಿಡಿಯೊ ನೋಡಿ 110ರಲ್ಲಿ ಹೋಗುವವರು ದಾರಿಯಲ್ಲಿ ಬೆವರುತ್ತಾರೆ.

ಎಸಿಯ ಲೆಕ್ಕ ಇದಕ್ಕೆ ತಿರುಗಾಮುರುಗಾ. ಎಸಿ ಗಂಟೆಗೆ ಒಂದು ಯೂನಿಟ್ ತಿಂದರೆ, ಹೆದ್ದಾರಿಯಲ್ಲಿ ಅಷ್ಟು ಹೊತ್ತಿಗೆ 80 ಕಿ.ಮೀ. ಸಾಗಿರುತ್ತದೆ, ಗೊತ್ತೇ ಆಗುವುದಿಲ್ಲ. ಸಿಲ್ಕ್ ಬೋರ್ಡ್ ಕಡೆ ಗಂಟೆಗೆ 15 ಕಿ.ಮೀ. ತೆವಳುವಾಗ ಅದೇ ಒಂದು ಯೂನಿಟ್ ಆ 15 ಕಿ.ಮೀ. ತಲೆಯ ಮೇಲೆ ಬೀಳುತ್ತದೆ. ಊರೊಳಗೆ ಇವಿ ಜಾಸ್ತಿ ಓಡುತ್ತದೆ ಅನ್ನುವುದು ನಿಜ. ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಅಷ್ಟು ನಿಜವಲ್ಲ.

ಅಳತೆ ಹೇಗಿರಬೇಕು ಎಂದು ತಿಳಿಯಬೇಕಾದರೆ ನಾರ್ವೆಯ ಬ್ಯೋರ್ನ್ ನೈಲ್ಯಾಂಡ್ ಅವರ ವಿಡಿಯೊ ನೋಡಿ. ಕಾರು ಯಾವುದೇ ಇರಲಿ, 90 ಮತ್ತು 120ರ ವೇಗದಲ್ಲಿ ಓಡಿಸಿ, ಎಲ್ಲವನ್ನೂ ಒಂದೇ ಪಟ್ಟಿಗೆ ಏರಿಸುತ್ತಾರೆ. ಡಿಕ್ಕಿಯಲ್ಲಿ ಎಷ್ಟು ಜಾಗ ಎಂದು ತೋರಿಸಲು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳನ್ನು ತುಂಬುತ್ತಾರೆ. ಲೀಟರ್ ಲೆಕ್ಕಕ್ಕಿಂತ ಅದು ಎಷ್ಟೋ ಚೆನ್ನಾಗಿ ಅರ್ಥವಾಗುತ್ತದೆ. ಅವರ ಚಳಿಯ ಅಂಕಿಗಳು ನಮಗೆ ಬೇಡ, ಆ ಶಿಸ್ತು ಬೇಕು.

ನಮ್ಮ ಕಡೆಯ ವಿಡಿಯೊಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಓಡಿಸಿ ಅದನ್ನೇ ಹೆದ್ದಾರಿ ರೇಂಜ್ ಅನ್ನುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಮೇಲೆತ್ತಲು 4.4 ಯೂನಿಟ್ ಬೇಕು. ಮೋಟಾರಿನ ನಷ್ಟವೂ ಸೇರಿದರೆ ಐದರ ಹತ್ತಿರ, ಅಂದರೆ 30 ಕಿ.ಮೀ. ದೂರದ ಕರೆಂಟ್. ಇಳಿಯುವಾಗ ಲಾಭ, ಹತ್ತುವಾಗ ನಷ್ಟ. ಹೋದದ್ದನ್ನೂ ಬಂದದ್ದನ್ನೂ ಎರಡೂ ತೋರಿಸಿದವರನ್ನು ಮಾತ್ರ ನಂಬಿ. ಇದೇ ದಾರಿಯ ಇನ್ನೊಂದು ಮಾತು: ಸಕಲೇಶಪುರದಲ್ಲಿ ನೂರಕ್ಕೆ ತುಂಬಿಸಿ ಶಿರಾಡಿ ಘಾಟಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ವಾಪಸ್ ಕರೆಂಟ್ ಹೋಗಲು ಜಾಗವಿರುವುದಿಲ್ಲ, ಮೋಟಾರೇ ಕರೆಂಟ್ ಮಾಡುತ್ತಾ ಕಾರನ್ನು ತಡೆಯುವ ರೀಜೆನ್ ಸಡಿಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. 80ಕ್ಕೆ ನಿಲ್ಲಿಸಿ.

ಚಾರ್ಜಿಂಗ್ ತೋರಿಸುವಾಗ ಬೋರ್ಡ್ ಮೇಲಿನ "60 ಕಿಲೋವ್ಯಾಟ್" ನೋಡಿ ಮರುಳಾಗಬೇಡಿ. ಕಾರಿಗೆ ಸಿಕ್ಕಿಸುವ ಗನ್ ಎರಡು ಇರುವ ಕಡೆ ಪಕ್ಕಕ್ಕೆ ಇನ್ನೊಂದು ಕಾರು ಬಂದರೆ ಎಷ್ಟೋ ಸಲ ಅದು 30ಕ್ಕೆ ಇಳಿಯುತ್ತದೆ. 10ರಿಂದ 80ಕ್ಕೆ ಎಷ್ಟು ನಿಮಿಷ, 20ರಲ್ಲಿ ಎಷ್ಟು ಕಿಲೋವ್ಯಾಟ್ ಹೋಗುತ್ತಿತ್ತು, 70ರಲ್ಲಿ ಎಷ್ಟು ಎಂದು ಪರದೆಯಲ್ಲೇ ತೋರಿಸಿರಬೇಕು. ಪ್ರಯಾಣದಲ್ಲಿ ನಿಮಗೆ ದಕ್ಕುವುದು 80ರಿಂದ 20ರವರೆಗಿನ ಪಾಲು: 45 ಯೂನಿಟ್ ಕಾರಿಗೆ 27 ಯೂನಿಟ್, ಸುಮಾರು 160 ಕಿ.ಮೀ. ಮೊದಲ ನಿಲುಗಡೆ ದೂರ ಇರಬಹುದು, ಆಮೇಲಿನವೆಲ್ಲ ಇಷ್ಟಿಷ್ಟೇ ದೂರಕ್ಕೆ.

ಇನ್ನು ಬೇಗ ಹೇಳಿಬಿಡುತ್ತೇನೆ. ನೆಲದಡಿ ಬ್ಯಾಟರಿ ಇರುವುದರಿಂದ ಹಿಂದಿನ ಸೀಟಿನಲ್ಲಿ ಮೊಣಕಾಲು ಮೇಲೇಳುತ್ತದೆ, ಮನೆಯ ಹಿರಿಯರನ್ನು ಕೂರಿಸಿಯೇ ನೋಡಿ. ಸ್ಟೆಪ್ನಿ ಇದೆಯೋ, ಬರೀ ಪಂಕ್ಚರ್ ಕಿಟ್ಟೋ ಕೇಳಿ. ದೆಹಲಿ, ಮುಂಬೈಯವರು ಹೇಳುವ ಆನ್‌ರೋಡ್ ಬೆಲೆ ನಮ್ಮದಲ್ಲ. 25 ಲಕ್ಷ ಮೀರಿದ ಇವಿಗಳಿಗೆ ಕರ್ನಾಟಕ 2024ರಲ್ಲಿ 10% ಆಜೀವ ತೆರಿಗೆ ಹಾಕಿತು.

ಇಷ್ಟೆಲ್ಲ ಆದರೂ ಯಾವ ಚಾನೆಲ್‌ನವರೂ ನೋಡಲಾಗದ ಜಾಗ ಒಂದಿದೆ, ನಿಮ್ಮ ಪಾರ್ಕಿಂಗ್. "ನಮ್ಮ ಮನೆ ಲೈನು ಇದನ್ನ ತಡೆಯುತ್ತಾ?" ಅಂತ ಒಬ್ಬರಾದರೂ ಕೇಳಿದ್ದರೆ ಕೂತು ಒಂದು ಗಂಟೆ ಸಂತೋಷದಿಂದ ಮಾತಾಡುತ್ತಿದ್ದೆ. ಕೇಳದಿದ್ದರೂ ಹೇಳುತ್ತೇನೆ.

ಎಲ್ಲರಿಗೂ 7 ಕಿಲೋವ್ಯಾಟ್ ವಾಲ್ ಚಾರ್ಜರ್ ಬೇಕಾಗಿಲ್ಲ. 15 ಆಂಪ್ಸ್ ಪವರ್ ಪ್ಲಗ್ಗಿನಲ್ಲಿ 3 ಕಿಲೋವ್ಯಾಟ್ ಹೋದರೆ ರಾತ್ರಿ ಹತ್ತು ಗಂಟೆಗಳಲ್ಲಿ 30 ಯೂನಿಟ್. ಹತ್ತರಲ್ಲೊಂದು ಭಾಗ ಶಾಖವಾಗಿ ಹೋದರೂ 27 ಬ್ಯಾಟರಿಗೆ ಸೇರುತ್ತದೆ. ದಿನಕ್ಕೆ 50 ಕಿ.ಮೀ. ಓಡಿಸುವವರಿಗೆ ಅದರ ಮೂರನೇ ಒಂದು ಭಾಗವೂ ಬೇಡ. ಆದರೆ ಆ ಪ್ಲಗ್ಗಿಗೆ ಮೀಟರಿನಿಂದಲೇ ಬೇರೆ ಲೈನ್ ಇರಲಿ: 4 ಚದರ ಮಿ.ಮೀ. ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ಸ್ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ಬಾಕ್ಸ್ ಕೂಡದು. ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಒಳಗೆ ಹಿಡಿತ ಸಡಿಲ, ಸಾಕೆಟ್ ಬದಲಿಸಿ, ಇಲ್ಲದಿದ್ದರೆ ಕರಗುತ್ತದೆ.

7 ಕಿಲೋವ್ಯಾಟ್ ಬೇಕೇ ಬೇಕು ಅನ್ನುವವರು ಮೊದಲು ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿ. 3 ಕಿಲೋವ್ಯಾಟ್ ಅಂತಿದ್ದರೆ ಅದನ್ನು ಏರಿಸಲು ಅರ್ಜಿ ಹಾಕಬೇಕು. 6 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಮೀಟರಿನಿಂದ ಪಾರ್ಕಿಂಗ್ 40 ಮೀಟರ್ ಇದ್ದು 32 ಆಂಪ್ಸ್ ಹರಿದರೆ ಎಂಟು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಇನ್ನೂ ದೂರವಿದ್ದರೆ 10 ಚದರ ಮಿ.ಮೀ. ಎಳೆಸಿ.

ಹೊಸ ಕಾರು ಮನೆಗೆ ಬಂದ ರಾತ್ರಿಯೇ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿತು ಅಂದರೆ ನಾನು ಮೊದಲು ಅನುಮಾನಿಸುವುದು ಅರ್ಥಿಂಗನ್ನು. ಅರ್ಥ್ ಸರಿ ಇಲ್ಲದಿದ್ದರೆ ಚಾರ್ಜರ್ ಕರೆಂಟ್ ಬಿಡುವುದಿಲ್ಲ, ಅದು ಹಾಗೆಯೇ ಇರಬೇಕು. ಬುಕ್ ಮಾಡುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ, ಗೀಸರ್ ಆನ್ ಮಾಡಿಸಿ, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎಷ್ಟು ವೋಲ್ಟ್ ಇದೆ ಎಂದು ಮಲ್ಟಿಮೀಟರ್ ಇಟ್ಟು ನೋಡಿಸಿ. ಎರಡು-ಮೂರು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಇಪ್ಪತ್ತು ತೋರಿಸಿದರೆ ಆ ವಾರ ಶೋರೂಮಿಗೆ ಹೋಗಬೇಡಿ, ಅರ್ಥ್ ಗುಂಡಿ ತೋಡಿಸಿ.